ಅಜ್ಜಿಯ ಮಿತವ್ಯಯವೂ ಕುಕ್ಕರಿನ ಗ್ಯಾಸ್ಕೆಟ್ಟೂ

ಸರ್ಕ್ಯುಲರ್ ಎಕಾನಮಿ, ಅಂದರೆ ವಸ್ತುಗಳು ಕಸವಾಗದೆ ಒಂದು ವರ್ತುಲದಲ್ಲಿ ಮತ್ತೆಮತ್ತೆ ಬಳಕೆಗೆ ಬರುವ ಅರ್ಥವ್ಯವಸ್ಥೆಯ ಕುರಿತ ಯಾವ ವಿಚಾರಸಂಕಿರಣಕ್ಕೆ ಹೋದರೂ ಉದ್ಘಾಟನೆಯ ಭಾಷಣದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಪಶ್ಚಿಮದವರು ಈಗ ಹೊಸದಾಗಿ ಹೇಳುತ್ತಿರುವುದನ್ನು ನಮ್ಮ ಅಜ್ಜಿಯರು ಎಂದೋ ಮಾಡಿ ಮುಗಿಸಿದ್ದರು. ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿ ಹಳತಾದರೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಖಾಲಿ ಶೀಸೆಯಿಂದ ಹಿಡಿದು ಹಳೇ ಕಬ್ಬಿಣದವರೆಗೆ ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಿದ್ದರು. ಎಸೆಯುವುದು ಎಂಬ ಕ್ರಿಯೆಯೇ ನಮ್ಮ ಮನೆಗಳಲ್ಲಿ ಇರಲಿಲ್ಲ. ಅದು ಹೊರಗಿನಿಂದ ಬಂದ ಚಟ. ಆದ್ದರಿಂದ ಈಗ ಬೇಕಿರುವುದು ಹೊಸ ಕಾನೂನಲ್ಲ, ಹೊಸ ತಂತ್ರಜ್ಞಾನವೂ ಅಲ್ಲ, ಮರೆತುಹೋದ ಸಂಸ್ಕಾರವನ್ನು ಮತ್ತೆ ರೂಢಿಸಿಕೊಳ್ಳುವುದು. ಪರಂಪರೆಯ ಅಭಿಮಾನಿಗಳು ಈ ವಾದವನ್ನು ಹೆಮ್ಮೆಯಿಂದ ಹೇಳುತ್ತಾರೆ, ಗಾಂಧಿವಾದಿಗಳು ಸರಳ ಬದುಕಿನ ಹೆಸರಿನಲ್ಲಿ ಹೇಳುತ್ತಾರೆ, ಕಂಪನಿಗಳ ಸುಸ್ಥಿರತೆ ವಿಭಾಗದವರೂ ತಮ್ಮದೇ ಕಾರಣಕ್ಕೆ ಹೇಳುತ್ತಾರೆ. ಇಷ್ಟು ಬೇರೆಬೇರೆ ಜನ ಒಂದೇ ಮಾತಿಗೆ ತಲೆಯಾಡಿಸುತ್ತಿದ್ದಾರೆ ಅಂದರೆ, ಆ ಮಾತನ್ನು ಒಪ್ಪಿದ್ದರಿಂದ ಯಾರೂ ಕಾಸು ಬಿಚ್ಚಬೇಕಾಗುವುದಿಲ್ಲ ಎಂಬ ಅನುಮಾನ ಬರಬೇಕು.

ಮೊದಲು ಆ ವಾದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅದು ಬರೀ ಹಳಹಳಿಕೆಯಲ್ಲ. ತಳ ಸವೆದ ಹಿತ್ತಾಳೆ ಬಿಂದಿಗೆಯನ್ನು ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ, ಹಳೇ ಲೋಹದ ಬೆಲೆ ಮುರಿದುಕೊಂಡು, ಮೇಲಿಷ್ಟು ಮಜೂರಿ ಕೊಟ್ಟು ಹೊಸದನ್ನು ತರುವ ಪದ್ಧತಿ ಲೋಹವನ್ನು ತಲೆಮಾರುಗಟ್ಟಲೆ ಚಲಾವಣೆಯಲ್ಲಿ ಇಡುತ್ತಿತ್ತು. ಕಲಾಯಿಯವನ ಕೆಲಸದಲ್ಲಂತೂ ಒಳ್ಳೆಯ ವಿನ್ಯಾಸದ ತತ್ವವೇ ಅಡಗಿದೆ. ತಿದಿಯೊತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಒಳಮೈಗೆ ತವರ ಬಳಿದರೆ ಮುಂದೆ ಸವೆಯುವುದು ಆ ತೆಳು ಪದರ ಮಾತ್ರ. ಪಾತ್ರೆ ಹಾಗೇ ಉಳಿಯುತ್ತದೆ. ಸವೆಯುವ ಭಾಗವನ್ನು ಬಾಳುವ ಭಾಗದಿಂದ ಬೇರೆ ಮಾಡು, ಸವೆದದ್ದನ್ನಷ್ಟೇ ಬದಲಿಸು ಎಂದು ಇವತ್ತಿನ ವಿನ್ಯಾಸ ಶಾಲೆಗಳು ಕಲಿಸುವುದೂ ಇದನ್ನೇ. ಹಾಗಾಗಿ ಹಿಂದೆ ಇಂಥದ್ದೊಂದು ವ್ಯವಸ್ಥೆ ಇತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಅದು ಯಾಕೆ ಇತ್ತು ಎಂಬ ವಿವರಣೆ ತಪ್ಪು ಎಂಬುದು ನನ್ನ ತಕರಾರು. ಕಾರಣ ತಪ್ಪಾಗಿ ಗೊತ್ತಿದ್ದರೆ ಮದ್ದೂ ತಪ್ಪುತ್ತದೆ.

ಮಿತವ್ಯಯ ಸಂಸ್ಕಾರದಿಂದ ಬಂದದ್ದಾದರೆ ಅದು ಮನುಷ್ಯನಿಂದ ಮನುಷ್ಯನಿಗೆ ಬದಲಾಗಬೇಕು; ಸಂಸ್ಕಾರವಂತ ಎಲ್ಲವನ್ನೂ ಉಳಿಸಬೇಕು, ಇಲ್ಲದವನು ಎಲ್ಲವನ್ನೂ ಎಸೆಯಬೇಕು. ಆದರೆ ನಾವು ಕಾಣುತ್ತಿರುವುದು ಹಾಗಿಲ್ಲ. ಒಂದೇ ಮನೆಯ ಒಂದೇ ಅಡುಗೆಕೋಣೆಯಲ್ಲಿ ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಗಂಟು ಕಟ್ಟಿಡುತ್ತಾರೆ, ಚಿಪ್ಸಿನ ಪ್ಯಾಕೆಟ್ಟನ್ನು ಬುಟ್ಟಿಗೆ ಹಾಕುತ್ತಾರೆ. ಎರಡೂ ಪ್ಲಾಸ್ಟಿಕ್ಕೇ, ಕೈಯೂ ಒಂದೇ. ವ್ಯತ್ಯಾಸ ಏನೆಂದರೆ ಹಾಲಿನ ಪ್ಯಾಕೆಟ್ಟು ಪಾಲಿಎಥಿಲೀನ್ ಎಂಬ ಒಂದೇ ವಸ್ತುವಿನದು, ಕರಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ, ಆದ್ದರಿಂದ ಗುಜರಿಯವನು ಅದಕ್ಕೆ ಕಾಸು ಕೊಡುತ್ತಾನೆ. ಚಿಪ್ಸಿನದು ಬೇರೆಬೇರೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಲೇಪ ಒಂದರ ಮೇಲೊಂದು ಅಂಟಿದ ಪದರಗಳು. ಬಿಡಿಸುವ ಖರ್ಚು ಅದರಲ್ಲಿರುವ ವಸ್ತುವಿನ ಬೆಲೆಗಿಂತ ಎಷ್ಟೋ ಹೆಚ್ಚು. ಚಿನ್ನವನ್ನು ಯಾವ ದೇಶದಲ್ಲಿ, ಯಾವ ಸಂಸ್ಕೃತಿಯಲ್ಲಿ, ಯಾವ ದುಂದುಗಾರ ಎಸೆದಿದ್ದಾನೆ? ನಮ್ಮ ಅಜ್ಜಿ ಎಸೆಯುತ್ತಿರಲಿಲ್ಲ ಎಂಬುದು ನಿಜ, ಏಕೆಂದರೆ ಆಕೆಯ ಕಾಲದಲ್ಲಿ ವಸ್ತು ತುಟ್ಟಿ, ದುಡಿಮೆ ಅಗ್ಗ. ಒಂದು ಸೀರೆಯ ಬೆಲೆಗೆ ಎಷ್ಟೋ ದಿನಗಳ ಕೂಲಿ ಬೇಕಿದ್ದಾಗ ಅದನ್ನು ಕೌದಿ ಹೊಲಿಯುವುದು ಲೆಕ್ಕಾಚಾರ. ಕೌದಿ ಹೊಲಿಯುವ ಹೆಂಗಸಿನ ದಿನಕ್ಕೆ ಬೆಲೆಯೇ ಇಲ್ಲದಿದ್ದಾಗ ಆ ಲೆಕ್ಕಾಚಾರ ಇನ್ನೂ ಸಲೀಸು. ಮೊಮ್ಮಗಳ ಕಾಲಕ್ಕೆ ಆ ಪ್ರಮಾಣ ತಿರುವುಮುರುವಾಯಿತು. ಅವಳು ಕೆಟ್ಟವಳಾದಳೆಂದಲ್ಲ.

ಈ ಮಾತನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಮೊದಲು ಸ್ಪಷ್ಟವಾಗಿ ಇಟ್ಟವರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಸ್ಟಾಹೆಲ್ ಒಬ್ಬರು. ವೃತ್ತಿಯಿಂದ ವಾಸ್ತುಶಿಲ್ಪಿಯಾದ ಅವರು 1976ರಲ್ಲಿ ಜೆನೆವೀವ್ ರೆಡೇ ಜೊತೆ ಯುರೋಪಿಯನ್ ಆಯೋಗಕ್ಕೆ ಒಪ್ಪಿಸಿದ ವರದಿ ಇಂಧನದ ಜಾಗದಲ್ಲಿ ಮಾನವಶ್ರಮವನ್ನು ಬಳಸುವ ಸಾಧ್ಯತೆಯ ಕುರಿತದ್ದು. ಹೊಸ ವಸ್ತು ತಯಾರಿಸುವುದು ಇಂಧನವನ್ನು ಹೆಚ್ಚು ತಿನ್ನುತ್ತದೆ, ಇದ್ದದ್ದನ್ನು ದುರಸ್ತಿ ಮಾಡುವುದು ಶ್ರಮವನ್ನು ಹೆಚ್ಚು ತಿನ್ನುತ್ತದೆ; ಶ್ರಮ ತುಟ್ಟಿಯಾಗಿ ಇಂಧನ ಅಗ್ಗವಾದ ಸಮಾಜ ತನಗೆ ತಾನೇ ಎಸೆಯುವ ಸಮಾಜವಾಗುತ್ತದೆ. ಯುರೋಪಿನವರು ದಾಟಿದ್ದು ಈ ಗೆರೆಯನ್ನೇ. ಅವರ ಅಜ್ಜಿಯರೂ ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದರು. ಗೋಣಿ ಹೊತ್ತ ಚಿಂದಿ ವ್ಯಾಪಾರಿ ಲಂಡನ್ನಿನ ಬೀದಿಗಳಲ್ಲೂ ತಿರುಗುತ್ತಿದ್ದ. ಆದ್ದರಿಂದ ಮಿತವ್ಯಯ ಭಾರತೀಯ ಗುಣವೂ ಅಲ್ಲ, ಎಸೆಯುವುದು ಪಾಶ್ಚಾತ್ಯ ಗುಣವೂ ಅಲ್ಲ. ಎರಡೂ ಬೆಲೆಗಳ ಅನುಪಾತದ ಎರಡು ತುದಿಗಳು.

ಇಲ್ಲಿಗೆ ವಾದ ಮುಗಿದಿದ್ದರೆ ಅದು ಬರೀ ಇತಿಹಾಸದ ತಿದ್ದುಪಡಿಯಾಗುತ್ತಿತ್ತು. ದುಡಿಮೆ ಅಗ್ಗವಿತ್ತು ಅಂದೆನಲ್ಲ, ಯಾರ ದುಡಿಮೆ? ಹಳ್ಳಿಯಲ್ಲಿ ಸತ್ತ ದನ ವ್ಯರ್ಥವಾಗುತ್ತಿರಲಿಲ್ಲ: ಚರ್ಮ ಮೆಟ್ಟಾಗುತ್ತಿತ್ತು, ಮಿಣಿಯಾಗುತ್ತಿತ್ತು. ವರ್ತುಲ ಪೂರ್ಣ. ಆದರೆ ಆ ವರ್ತುಲ ತಿರುಗುತ್ತಿದ್ದುದು ಒಲ್ಲೆ ಎನ್ನುವ ಹಕ್ಕಿಲ್ಲದವರ ಕೈಯಲ್ಲಿ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದ ಮೇಲೆ ಆ ರಾಜ್ಯದ ಅನೇಕ ದಲಿತರು ಆ ಕೆಲಸವನ್ನೇ ನಿಲ್ಲಿಸಿದರು, ಸುರೇಂದ್ರನಗರದ ಕಲೆಕ್ಟರ್ ಕಚೇರಿಯ ಮುಂದೆ ದನದ ಹೆಣಗಳನ್ನು ತಂದು ಸುರಿದರು. ಯಾವುದನ್ನೂ ಎಸೆಯದ ಸಂಸ್ಕೃತಿ ಎಂಬುದು ಯಾರ ಮೇಲೆ ನಿಂತಿತ್ತು ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಬೇರೆ ಪ್ರಯೋಗ ನನಗೆ ತಿಳಿಯದು. ಕೈ ಹಿಂತೆಗೆದ ದಿನವೇ ವರ್ತುಲ ಕಡಿಯಿತು. ಸಂಸ್ಕಾರ ಇದ್ದೇ ಇತ್ತು, ಪ್ರಯೋಜನಕ್ಕೆ ಬರಲಿಲ್ಲ.

ಇದು ಹಳೆಯ ಜಾತಿವ್ಯವಸ್ಥೆಯ ಮಾತು, ಈಗಿನದಲ್ಲ ಎನ್ನುವವರು ಇನ್ವರ್ಟರ್ ಬ್ಯಾಟರಿಯನ್ನು ನೋಡಲಿ. ನಮ್ಮ ದೇಶದಲ್ಲಿ ಬಹುಶಃ ಅತ್ಯಂತ ಪಕ್ಕಾ ವರ್ತುಲದಲ್ಲಿ ತಿರುಗುವ ಆಧುನಿಕ ವಸ್ತು ಸೀಸದ ಬ್ಯಾಟರಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ, ಒಳಗಿನ ಸೀಸಕ್ಕೆ ಒಳ್ಳೆಯ ಬೆಲೆಯಿದೆ, ಒಡೆದು ಕರಗಿಸಿದರೆ ಮತ್ತೆ ಬ್ಯಾಟರಿಯಾಗುತ್ತದೆ. ಬೀದಿಯಲ್ಲಿ ಬಿದ್ದ ಇನ್ವರ್ಟರ್ ಬ್ಯಾಟರಿಯನ್ನು ಯಾರೂ ಕಂಡಿರಲಾರರು. ಆದರೆ ಒಂದು ಭಾಗ ಕರಗುವುದು ಹಿತ್ತಲಿನ ಒಲೆಗಳಲ್ಲಿ. ಆಮ್ಲ ಚರಂಡಿಗೆ, ಸೀಸದ ಹೊಗೆ ಅಕ್ಕಪಕ್ಕದ ಮಕ್ಕಳ ರಕ್ತಕ್ಕೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಇದೆ. ಅಂಥ ಸುಮಾರು 80 ಕೋಟಿ ಮಕ್ಕಳಲ್ಲಿ ಭಾರತದವರೇ 27 ಕೋಟಿಗೂ ಹೆಚ್ಚು. ಇದಕ್ಕೆಲ್ಲ ಬ್ಯಾಟರಿಯೊಂದೇ ಕಾರಣವಲ್ಲ, ಆದರೆ ಕಾಳಜಿಯಿಲ್ಲದೆ ಬ್ಯಾಟರಿ ಕರಗಿಸುವುದು ಮುಖ್ಯ ಕಾರಣಗಳಲ್ಲಿ ಒಂದು ಎಂದು ವರದಿಯೇ ಹೇಳುತ್ತದೆ. ವರ್ತುಲ ಮುಚ್ಚಿಕೊಂಡಿದೆ ಎಂಬುದಷ್ಟೇ ಒಂದು ವ್ಯವಸ್ಥೆ ಒಳ್ಳೆಯದೆನ್ನಲು ಸಾಕಾಗುವುದಿಲ್ಲ.

ಇನ್ನೊಂದು ಎಳೆಯನ್ನೂ ಬಿಡಿಸಬೇಕು. ಎಸೆಯಬೇಡ ಎಂಬುದನ್ನು ನಿಯಮವಾಗಿ ಪಾಲಿಸಿದರೆ ಅದು ಯಾವಾಗಲೂ ಸರಿಯಾದ ಉತ್ತರ ಕೊಡುವುದೂ ಇಲ್ಲ. ಸುಟ್ಟುಹೋದ ಸೀಲಿಂಗ್ ಫ್ಯಾನಿಗೆ ಕಾಯಿಲ್ ಸುತ್ತಿಸಿ ಇನ್ನೂ ಹತ್ತು ವರ್ಷ ಓಡಿಸುವುದು ಮಿತವ್ಯಯದ ಮಾದರಿಯೆಂದೇ ನಾವೆಲ್ಲ ಭಾವಿಸಿದ್ದೇವೆ. ಹಳೇ ಮಾದರಿಯ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ ಅಂತರ 162 ಯೂನಿಟ್. ಫ್ಯಾನಿನಂಥ ವಸ್ತುವಿನಲ್ಲಿ ಪರಿಸರದ ಹೊರೆಯ ಬಹುಪಾಲು ಬರುವುದು ಬಳಕೆಯಲ್ಲಿ, ತಯಾರಿಕೆಯಲ್ಲಲ್ಲ. ಹಾಗಾಗಿ ಅದನ್ನು ಗುಜರಿಗೆ ಹಾಕುವುದೇ ಎಷ್ಟೋ ಸಲ ಸರಿ. ಮೊಬೈಲಿನಲ್ಲಿ ಲೆಕ್ಕ ತಿರುಗಾಮುರುಗಾ: ಅದರ ಹೊರೆಯ ದೊಡ್ಡ ಪಾಲು ಕಾರ್ಖಾನೆ ಬಿಡುವ ಮೊದಲೇ ಸೇರಿರುತ್ತದೆ, ಆದ್ದರಿಂದ ಅದನ್ನು ಎಷ್ಟು ವರ್ಷ ಎಳೆದರೆ ಅಷ್ಟು ಲಾಭ. ನಾವು ಮಾಡುತ್ತಿರುವುದು ಸರಿಯಾಗಿ ಇದರ ವಿರುದ್ಧ. ಫ್ಯಾನಿಗೆ ಕಾಯಿಲ್ ಸುತ್ತಿಸುತ್ತೇವೆ, ಮೊಬೈಲು ಬದಲಿಸುತ್ತೇವೆ. ತಿಂಗಳಿಗೆ 200 ಯೂನಿಟ್‌ವರೆಗೆ ಶೂನ್ಯ ಬಿಲ್ಲು ಬರುವ ಗೃಹಜ್ಯೋತಿಯ ಮನೆಯಲ್ಲಿ ಆ 162 ಯೂನಿಟ್ಟಿನ ಲೆಕ್ಕ ಹಾಕುವ ಗರಜು ಯಾರಿಗೂ ಇಲ್ಲ ಎಂಬುದು ಬೇರೆ ಮಾತು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಇರುವಲ್ಲಿ ಮತ್ತೆಮತ್ತೆ ರೀವೈಂಡಿಂಗ್ ಆದ ಮೋಟಾರು ಎಷ್ಟು ವ್ಯರ್ಥ ಮಾಡುತ್ತಿದೆ ಎಂದು ರೈತನೂ ಕೇಳುವುದಿಲ್ಲ, ಕೇಳಬೇಕಾದ ಕಾರಣವನ್ನು ಅವನಿಗೆ ಯಾರೂ ಕೊಟ್ಟಿಲ್ಲ.

ಹಾಗಾದರೆ ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲವೇ? ಇದೆ, ಆದರೆ ಅದು ಬಳಸುವವನ ಗುಣದಲ್ಲಿಲ್ಲ, ವಸ್ತುವಿನ ರಚನೆಯಲ್ಲಿದೆ. ಇದಕ್ಕೆ ನಾನು ಕೊಡುವ ಸಾಕ್ಷಿ ಯಾವ ಪುರಾತನ ಪಾತ್ರೆಯೂ ಅಲ್ಲ, ಪ್ರೆಶರ್ ಕುಕ್ಕರ್. ಅದರಲ್ಲಿ ಪರಂಪರೆಯ ಸೋಂಕೇ ಇಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ನಮ್ಮ ಅಡುಗೆಮನೆಗೆ ಬಂದದ್ದು, ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾಗುವಂಥದ್ದು, ತಯಾರಿಕೆಗೆ ವಿಪರೀತ ವಿದ್ಯುತ್ ಬೇಡುವ ಅಲ್ಯೂಮಿನಿಯಮ್ಮಿನದು, ಲಾಭಕ್ಕಾಗಿ ಮಾರುವ ಕಂಪನಿಗಳದು. ಹೀಗಿದ್ದೂ ಅದು ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಬಾಳುವುದು ಸಾಮಾನ್ಯ. ಯಾಕೆಂದು ನೋಡಿ.

1. ಸವೆಯುವುದೆಲ್ಲ ಅಗ್ಗದ ಭಾಗಗಳಿಗೆ ಮೀಸಲು. ರಬ್ಬರಿನ ಗ್ಯಾಸ್ಕೆಟ್ ಸಡಿಲಾಗುತ್ತದೆ. ನೀರು ಬತ್ತಿ ಕುಕ್ಕರ್ ಕಾದರೆ ಸೇಫ್ಟಿ ವಾಲ್ವಿನ ಒಳಗಿನ ಮಿಶ್ರಲೋಹ ತಾನು ಕರಗಿ ಆವಿಗೆ ದಾರಿ ಬಿಡುತ್ತದೆ. ಅಂದರೆ ಮೈ ಮತ್ತು ಮುಚ್ಚಳ ಉಳಿಯಲೆಂದೇ ಈ ಚಿಕ್ಕವುಗಳನ್ನು ಬಲಿ ಕೊಡುವಂತೆ ಯೋಚಿಸಿದ್ದಾರೆ.

2. ಬಿಚ್ಚಲು ತಜ್ಞ ಬೇಡ. ಗ್ಯಾಸ್ಕೆಟ್ ಕೈಯಲ್ಲೇ ಬರುತ್ತದೆ, ಹಿಡಿಕೆಗೆ ಒಂದು ಸ್ಕ್ರೂಡ್ರೈವರ್ ಸಾಕು.

3. ಬಿಡಿಭಾಗ ಸಂತೆಯಲ್ಲೂ ಸಿಗುತ್ತದೆ. ಕುಕ್ಕರಿನ ಹೆಸರು, ಎಷ್ಟು ಲೀಟರಿನದು ಎಂದು ಹೇಳಿದರೆ ತಾಲ್ಲೂಕು ಕೇಂದ್ರದ ಪಾತ್ರೆ ಅಂಗಡಿಯವನು ಗ್ಯಾಸ್ಕೆಟ್ ತೆಗೆದುಕೊಡುತ್ತಾನೆ; ಕುಕ್ಕರ್ ನಿಮ್ಮದೇ ಹೌದೋ ಎಂದು ಕಂಪನಿಯ ಕಂಪ್ಯೂಟರನ್ನು ಕೇಳುವುದಿಲ್ಲ. ಐಎಸ್ 2347 ಎಂಬ ಸುರಕ್ಷತಾ ಮಾನಕ ಇದೆ, ಐಎಸ್‌ಐ ಗುರುತು ಕಡ್ಡಾಯ. ಸ್ಫೋಟಿಸಬಲ್ಲ ಈ ಪಾತ್ರೆಯನ್ನು ಗೃಹಿಣಿಯೇ ಬಿಚ್ಚಿ ಜೋಡಿಸುವುದಕ್ಕೆ ಸುರಕ್ಷತೆ ಅಡ್ಡಿಯಾಗಿಲ್ಲ. ಬಳಕೆದಾರರ ಸುರಕ್ಷತೆಗಾಗಿಯೇ ಸಾಧನವನ್ನು ಮುಚ್ಚಿ ಬೆಸೆದಿದ್ದೇವೆ ಎನ್ನುವ ಎಲೆಕ್ಟ್ರಾನಿಕ್ಸ್ ಕಂಪನಿಗಳು ಇದನ್ನೊಮ್ಮೆ ಯೋಚಿಸಬೇಕು.

4. ಕೊನೆಗೆ ಉಳಿಯುವುದು ಬಹುಮಟ್ಟಿಗೆ ಒಂದೇ ಲೋಹದ ಮುದ್ದೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟರಲ್ಲಿ ಅದು ಮತ್ತೆ ಕರಗುತ್ತದೆ.

ಕಿವಿಗೆ ಸಿಕ್ಕಿಸುವ ವೈರ್‌ಲೆಸ್ ಇಯರ್‌ಬಡ್ಡನ್ನು ಇದರ ಪಕ್ಕದಲ್ಲಿಡಿ. ಎರಡು ಕಿವಿಗೆ ಎರಡು, ಡಬ್ಬಿಗೊಂದು, ಒಟ್ಟು ಮೂರು ಲಿಥಿಯಂ ಸೆಲ್. ಎರಡು ಮೂರು ವರ್ಷಕ್ಕೆ ಮೊದಲು ಸಾಯುವುದು ಸೆಲ್ಲೇ ಎಂದು ವಿನ್ಯಾಸಕಾರನಿಗೆ ಮೊದಲ ದಿನದಿಂದ ಗೊತ್ತು. ಗೊತ್ತಿದ್ದೂ ಅದನ್ನು ಅಂಟು ಹಾಕಿ ಮುಚ್ಚಿದ ಪ್ಲಾಸ್ಟಿಕ್ಕಿನ ಒಳಗಿಡುತ್ತಾರೆ. ಸವೆಯುವ ಭಾಗವನ್ನು ಬಾಳುವ ಭಾಗಕ್ಕೆ ಬೆಸೆದ ಕ್ಷಣದಲ್ಲೇ ಇಡೀ ವಸ್ತುವಿನ ಆಯುಷ್ಯ ಸೆಲ್ಲಿನ ಆಯುಷ್ಯಕ್ಕೆ ಇಳಿಯಿತು. ಇದನ್ನು ಕೊಂಡವಳು ಎಷ್ಟೇ ಮಿತವ್ಯಯಿಯಾಗಿರಲಿ, ಎಂಥ ಮನೆತನದವಳಾಗಿರಲಿ, ಮೂರನೆಯ ವರ್ಷ ಎಸೆಯಲೇಬೇಕು. ಇದಕ್ಕೆ ಬಳಸುವವರ ಸಂಸ್ಕಾರವನ್ನು ದೂರುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ತಯಾರಕರ ಉತ್ತರವೂ ಇದೆ, ಅದು ಪೊಳ್ಳಲ್ಲ. ಅಂಟಿನಿಂದ ನೀರು ಒಳಹೋಗದು, ಸಾಧನ ತೆಳುವಾಗುತ್ತದೆ. ನೀರಿಗೆ ಬಿದ್ದು ಹಾಳಾಗುವ ಫೋನುಗಳು ಕಡಿಮೆಯಾದರೆ ಅದೂ ಆಯುಷ್ಯವೇ ತಾನೇ? ಹೌದು, ಫೋನಿನ ಮಟ್ಟಿಗೆ ಈ ಮಾತಿಗೆ ತೂಕವಿದೆ. ಆದರೆ ಅದರಿಂದ ಬ್ಯಾಟರಿ ಬದಲಿಸಲಾಗದಂತೆ ಇರಬೇಕು ಎಂದು ಸಿದ್ಧವಾಗುವುದಿಲ್ಲ. ನೀರನ್ನೂ ತಡೆದು ಬಿಚ್ಚಲೂ ಬರುವಂತೆ ಮಾಡುವುದು ಸ್ವಲ್ಪ ಹೆಚ್ಚು ಖರ್ಚಿನ ಕೆಲಸ ಎಂದಷ್ಟೇ ಸಿದ್ಧವಾಗುತ್ತದೆ. ಕೈಗಡಿಯಾರದವರು ರಬ್ಬರ್ ರಿಂಗು ಮತ್ತು ಸ್ಕ್ರೂಗಳಲ್ಲಿ ಇದನ್ನು ಬಹಳ ಹಿಂದೆಯೇ ಸಾಧಿಸಿದ್ದಾರೆ. ಆ ಹೆಚ್ಚಿನ ಖರ್ಚನ್ನು ಯಾರು ಹೊರಬೇಕು ಎಂಬುದು ನಿಜವಾದ ಜಗಳ. ಯುರೋಪು ಅದನ್ನು ತಯಾರಕರ ತಲೆಗೆ ಕಟ್ಟಿದೆ: 2025ರ ಜೂನ್ 20ರಿಂದ ಅಲ್ಲಿ ಮಾರುವ ಸ್ಮಾರ್ಟ್‌ಫೋನ್ ಮಾದರಿಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗುವಂತಿರಬೇಕು, 2027ರ ಫೆಬ್ರುವರಿ 18ರಿಂದ ಕೈಯಲ್ಲೊಯ್ಯುವ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಸುವವರೇ ತೆಗೆಯುವಂತಿರಬೇಕು.

ನಮ್ಮಲ್ಲಿ ಏನಾಗಿದೆ? 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಹೊಣೆಯನ್ನು ಅಳೆಯುವ ಕೋಲು ತೂಕ. ಮಾರಿದ ಸಾಧನಗಳು ಆಯುಷ್ಯ ಮುಗಿಸುವ ಲೆಕ್ಕದಲ್ಲಿ ಇಷ್ಟು ಟನ್ ಮರುಬಳಕೆ ಆಗಬೇಕು, ನೋಂದಾಯಿತ ಮರುಬಳಕೆದಾರರಿಂದ ಅಷ್ಟಕ್ಕೆ ಪ್ರಮಾಣಪತ್ರ ಕೊಂಡರೆ ಹೊಣೆ ತೀರಿತು. ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟು ಸಿಕ್ಕಿತು ಎಂಬುದರ ಮೇಲೆ. ಈಗ ಎರಡು ಕಂಪನಿಗಳನ್ನು ಊಹಿಸಿ. ಒಂದು ಸ್ಕ್ರೂ ಹಾಕಿ, ಬಿಡಿಭಾಗ ದಾಸ್ತಾನಿಟ್ಟು, ಹತ್ತು ವರ್ಷ ಬಾಳುವ ಯಂತ್ರ ಮಾಡುತ್ತದೆ. ಇನ್ನೊಂದು ಅಂಟು ಹಾಕಿ ಮೂರು ವರ್ಷದ್ದು ಮಾಡುತ್ತದೆ. ಟನ್ನಿನ ದರ ಇಬ್ಬರಿಗೂ ಒಂದೇ. ಮೊದಲನೆಯದು ವಿನ್ಯಾಸಕ್ಕೆ ಹಾಕಿದ ಹೆಚ್ಚಿನ ಖರ್ಚಿಗೆ ಈ ನಿಯಮದಲ್ಲಿ ಪ್ರತಿಫಲವಿಲ್ಲ. ರಿಪೇರಿ ಮಾಡಿ ಮರುಮಾರಾಟಕ್ಕೆ ತಂದದ್ದಕ್ಕೆ ಹೊಣೆಯನ್ನು ಮುಂದೂಡುವ ಅವಕಾಶ ನಿಯಮದಲ್ಲಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಮಾರಾಟವಾಗಿ ಕೆಟ್ಟ ಮೇಲಿನ ಮಾತು. ಹೇಗೆ ಕಟ್ಟಿದೆ ಎಂಬ ಪ್ರಶ್ನೆಯನ್ನು ತೂಕದ ತಕ್ಕಡಿ ಕೇಳುವುದಿಲ್ಲ. ಫ್ರಾನ್ಸ್ ತಯಾರಕರಿಂದ ವಸೂಲು ಮಾಡುವ ತ್ಯಾಜ್ಯ ಶುಲ್ಕವನ್ನು ವಿನ್ಯಾಸ ನೋಡಿ ಏರಿಳಿಸುವ ಪದ್ಧತಿ ತಂದಿದೆ. ಮೊಬೈಲ್ ಕೊಂಡರೂ ಶೇ 18, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ರಿಪೇರಿ ಮಾಡಿಸಿದರೂ ಶೇ 18 ಜಿಎಸ್‌ಟಿ ಹಾಕುವ ನಾವು ಬೆಲೆಗಳ ಅನುಪಾತದ ಪಾಠವನ್ನು ಇನ್ನೂ ಓದಿಕೊಂಡಿಲ್ಲ. ಸ್ವೀಡನ್ 2017ರಲ್ಲೇ ಸೈಕಲ್ಲು, ಚಪ್ಪಲಿ, ಬಟ್ಟೆಗಳ ರಿಪೇರಿಯ ತೆರಿಗೆಯನ್ನು ಶೇ 25ರಿಂದ 12ಕ್ಕೆ ಇಳಿಸಿತ್ತು.

ಇಲ್ಲೊಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಯುರೋಪಿಗೆ ಕಾನೂನು ಬೇಕಾದೀತು, ಏಕೆಂದರೆ ಅಲ್ಲಿ ರಿಪೇರಿ ಮಾಡುವವರೇ ಉಳಿದಿಲ್ಲ. ನಮ್ಮಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ಪ್ರತಿ ಊರಿನ ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿವರೆಗೆ, ಕಂಪನಿ ಕೈಬಿಟ್ಟದ್ದನ್ನೂ ಎಬ್ಬಿಸುವ ಹುಡುಗರಿದ್ದಾರೆ. ಇದು ನಮ್ಮ ಬಲವಲ್ಲವೇ? ಬಲವೇ. ಆದರೆ ಅದರ ತಳಹದಿ ನೋಡಿ. ಹೊಸ ಮಿಕ್ಸಿಗೆ ಮೂರು ಸಾವಿರ, ಮೆಕ್ಯಾನಿಕ್ಕಿನ ಅರ್ಧ ದಿನಕ್ಕೆ ನಾನೂರು ಎಂದಿಟ್ಟುಕೊಳ್ಳಿ, ರಿಪೇರಿ ಗಿಟ್ಟುತ್ತದೆ. ಅವನ ದುಡಿಮೆ ಸಾವಿರಕ್ಕೆ ಏರಿ ಮಿಕ್ಸಿಯ ಬೆಲೆ ಹಾಗೇ ನಿಂತರೆ ಗಿಟ್ಟುವುದಿಲ್ಲ. ಆ ಹುಡುಗನ ಮಗ ಓದಿ ಒಳ್ಳೆಯ ಸಂಬಳಕ್ಕೆ ಹೋಗಬಾರದು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಮ್ಮ ಅಗ್ಗದ ರಿಪೇರಿಯನ್ನು ದೇಶದ ಶಾಶ್ವತ ಆಸ್ತಿಯೆಂದು ಎಣಿಸಿದರೆ ಅದರ ಅರ್ಥ ಅದೇ. ಕೂಲಿ ಏರುತ್ತದೆ, ಏರಬೇಕು. ಏರಿದ ಮೇಲೂ ರಿಪೇರಿ ಉಳಿಯಬೇಕಾದರೆ ಒಂದೇ ದಾರಿ: ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುವಂತೆ ವಸ್ತುವನ್ನೇ ಕಟ್ಟಬೇಕು. ಅದು ಮೆಕ್ಯಾನಿಕ್ಕಿನ ಕೈಚಳಕದಿಂದ ಆಗುವ ಕೆಲಸವಲ್ಲ, ವಿನ್ಯಾಸಕಾರನ ಮೇಜಿನ ಮೇಲೆ ಆಗಬೇಕಾದ್ದು.

ಬೆಲೆಯೇ ಎಲ್ಲ ಎನ್ನುತ್ತಿದ್ದೀರಿ, ಆಸೆಗೆ ಪಾಲಿಲ್ಲವೇ ಎಂದು ಕೇಳಬಹುದು. ಸರಿಯಾಗಿರುವ ಫೋನನ್ನೇ ಹೊಸ ಕ್ಯಾಮೆರಾಕ್ಕಾಗಿ ಬದಲಿಸುವವರಿದ್ದಾರೆ. ಅವರನ್ನು ಸ್ಕ್ರೂ ತಡೆಯುವುದಿಲ್ಲ. ಒಪ್ಪಿದೆ. ಆದರೆ ಅವರು ಬಿಟ್ಟ ಫೋನು ಎರಡನೆಯವನ ಕೈಯಲ್ಲಿ ನಾಲ್ಕು ವರ್ಷ ಓಡುತ್ತದೋ, ಡ್ರಾಯರಿನಲ್ಲಿ ಕೊಳೆಯುತ್ತದೋ ಎಂಬುದನ್ನು ಮತ್ತೆ ನಿರ್ಧರಿಸುವುದು ಬ್ಯಾಟರಿ ಬದಲಿಸಲು ಬರುತ್ತದೋ ಇಲ್ಲವೋ ಎಂಬುದೇ. ಆಸೆಯನ್ನು ಉಪದೇಶದಿಂದ ತಗ್ಗಿಸಬಲ್ಲವರು ತಗ್ಗಿಸಲಿ, ನಾನು ಅಡ್ಡಬರುವುದಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಸಮಿತಿ ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸಾಧನಗಳಿಗೆ, ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆ ಎಂದು ಅಂಕ ಕೊಡುವ ರಿಪೇರಿ ಸೂಚ್ಯಂಕ ತರುವ ಕುರಿತು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಫ್ರಾನ್ಸ್ ಇಂಥದ್ದನ್ನು 2021ರ ಜನವರಿಯಿಂದ ನಡೆಸುತ್ತಿದೆ. ಅಲ್ಲಿನ ಅಂಕಗಳಲ್ಲಿ ಬಿಡಿಭಾಗದ ಬೆಲೆಗೂ ಪಾಲಿದೆ, ಆದರೆ ಅಂಕ ಹಾಕಿಕೊಳ್ಳುವವರು ತಯಾರಕರೇ ಎಂಬುದು ಅದರ ದೌರ್ಬಲ್ಯ. ನಮ್ಮ ಸೂಚ್ಯಂಕ ಬರುವುದಾದರೆ ಅದನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೂತು ಅಳೆಯಬಾರದು. ಅಂಥ ಸೆಂಟರೇ ಇಲ್ಲದ ತಾಲ್ಲೂಕಿನಲ್ಲಿ, ಕಂಪನಿಯ ಒಪ್ಪಿಗೆಯಿಲ್ಲದ ಅಂಗಡಿಯಲ್ಲಿ, ಸಾಮಾನ್ಯ ಸಲಕರಣೆಗಳಿಂದ ಬ್ಯಾಟರಿಯೋ ಸ್ಕ್ರೀನೋ ಬದಲಾಗಲು ಎಷ್ಟು ನಿಮಿಷ ಹಿಡಿಯಿತು, ಆ ಭಾಗಕ್ಕೆ ಹೊಸ ಸಾಧನದ ಬೆಲೆಯ ಶೇಕಡ ಎಷ್ಟು ತೆತ್ತಾಯಿತು, ಬದಲಿಸಿದ ಮೇಲೆ ಸಾಫ್ಟ್‌ವೇರು ಹೊಸ ಭಾಗವನ್ನು ಒಪ್ಪಿಕೊಂಡಿತೋ ಇಲ್ಲವೋ ಎಂದು ಅಳೆಯಬೇಕು. ಕೊನೆಯದು ಚಿಕ್ಕ ವಿಷಯವಲ್ಲ. ಪ್ರತಿ ಭಾಗಕ್ಕೂ ಗುರುತಿನ ಸಂಖ್ಯೆ ಕೊಟ್ಟು, ಕಂಪನಿ ಕೈಹಾಕದೆ ಕೂರಿಸಿದ ಅಸಲಿ ಭಾಗವನ್ನೂ ಫೋನು ತಿರಸ್ಕರಿಸುವಂತೆ ಮಾಡುವ ಬೀಗ ಈಗಾಗಲೇ ಬಂದಿದೆ. ಎಸ್‌.ಪಿ. ರಸ್ತೆಯ ಹುಡುಗನ ಕೈಚಳಕ ಆ ಬೀಗದ ಮುಂದೆ ನಡೆಯುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಕಾಯಿದೆ ಮಾಡಿ ಇಂಥ ಬೀಗವನ್ನು ನಿಷೇಧಿಸಿತು. ನಮ್ಮ ಸೂಚ್ಯಂಕ ಇಂಥ ಬೀಗವಿರುವ ಸಾಧನಕ್ಕೆ ಬೇರೆ ಎಲ್ಲ ಅಂಕಗಳನ್ನು ಲೆಕ್ಕಕ್ಕೇ ಹಿಡಿಯದೆ ಸೊನ್ನೆ ಹಾಕಬೇಕು, ಆ ಸೊನ್ನೆಯನ್ನು ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಿಸಬೇಕು.